ಅಮೆರಿಕದ ಸಂವಿಧಾನ ಯಾಕೆ ಹೀಗಿದೆ? ಅಪ್ಪ ಕೇಳಿದ ಮೂರು ಪ್ರಶ್ನೆಗಳು

ನ್ಯೂಜೆರ್ಸಿ ಕನ್ನಡತಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನನಗೆ ಇಲ್ಲಿನ ಪೌರತ್ವದ ಸಂದರ್ಶನ ಇದೆ. ಸರ್ಕಾರದವರೇ ಕೊಡುವ ಪ್ರಶ್ನೆಗಳ ಪಟ್ಟಿಯನ್ನು ಸಣ್ಣ ಕಾರ್ಡುಗಳ ಮೇಲೆ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೇನೆ. ಹಾಸನದಿಂದ ಅಪ್ಪ ಬಂದಿದ್ದಾರೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತು, ಕಾರ್ಡು ಒಂದೊಂದೇ ತೆಗೆದು ನನ್ನನ್ನು ಕೇಳುತ್ತಾರೆ.

ಮೊನ್ನೆ ಒಂದು ಕಾರ್ಡು ಬಂತು. ಸಂವಿಧಾನದ ಮೊದಲ ಮೂರು ಪದ ಯಾವುದು? 'ವಿ ದ ಪೀಪಲ್' ಅಂದೆ. ಅಪ್ಪ ಮುಂದಿನ ಕಾರ್ಡಿಗೆ ಹೋಗಲಿಲ್ಲ. ಕನ್ನಡಕ ತೆಗೆದು ಕೇಳಿದರು: "ಉತ್ತರ ಸರಿ ಕಣಮ್ಮ. ಆದರೆ ರಾಜನ ಕಾಟ ತಾಳಲಾರದೆ ಯುದ್ಧ ಮಾಡಿದವರು, ಗೆದ್ದು ನಾಲ್ಕೇ ವರ್ಷಕ್ಕೆ ತಮ್ಮ ತಲೆ ಮೇಲೆ ಇನ್ನೊಂದು ದೊಡ್ಡ ಸರ್ಕಾರವನ್ನು ಯಾಕೆ ಕೂರಿಸಿಕೊಂಡರು?" ನನಗೆ ಗೊತ್ತಿರಲಿಲ್ಲ. ಆಮೇಲೆ ಇನ್ನೆರಡು ಕೇಳಿದರು. ನಮ್ಮ ನ್ಯೂಜೆರ್ಸಿಯಲ್ಲಿ 2020ರ ಜನಗಣತಿ ಪ್ರಕಾರ ಸುಮಾರು 93 ಲಕ್ಷ ಜನ, ವಯೋಮಿಂಗ್‌ನಲ್ಲಿ 6 ಲಕ್ಷವೂ ಇಲ್ಲ. ಮೇಲ್ಮನೆಯಾದ ಸೆನೆಟ್‌ನಲ್ಲಿ ಇಬ್ಬರಿಗೂ ಎರಡೆರಡೇ ಸದಸ್ಯರು, ಅಂದರೆ ಸೆನೆಟರ್‌ಗಳು, ಅದೆಂಥ ಲೆಕ್ಕ? ಕೊನೆಯದು, "ಎಲ್ಲ ಮನುಷ್ಯರೂ ಸಮಾನರು ಅಂತ ಬರೆದವರು ಗುಲಾಮರನ್ನು ಹೇಗೆ ಇಟ್ಟುಕೊಂಡರು?"

ಪರೀಕ್ಷೆಗೆ ಇಷ್ಟೆಲ್ಲ ಬೇಕಾಗಿಲ್ಲ, ಗೊತ್ತು. ಆದರೆ ಈ ಸಂವಿಧಾನದ ಮೇಲೆ ನಾನು ಕೈ ಎತ್ತಿ ಪ್ರಮಾಣ ಮಾಡಬೇಕಲ್ವಾ. ಅದು ಏನು ಅಂತ ತಿಳಿಯದೆ ಮಾಡಲು ಮನಸ್ಸಿಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಬರೆಯಿರಿ, ಅಪ್ಪನಿಗೆ ಓದಿ ಹೇಳುತ್ತೇನೆ.

ತುಂಗಾತೀರ ಬರೆದದ್ದು:

ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಿ. ಮೊದಲ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ.

ಈಗಿನ ಸಂವಿಧಾನಕ್ಕೆ ಮೊದಲು ಅವರಿಗೆ ಇನ್ನೊಂದಿತ್ತು. 1777ರಲ್ಲಿ ಬರೆದು 1781ರಲ್ಲಿ ಜಾರಿಗೆ ತಂದ 'ಆರ್ಟಿಕಲ್ಸ್ ಆಫ್ ಕಾನ್ಫೆಡರೇಶನ್'. ಅದರ ಪ್ರಕಾರ 13 ರಾಜ್ಯಗಳೂ ಹೆಚ್ಚುಕಡಿಮೆ ಬೇರೆ ಬೇರೆ ದೇಶಗಳ ಹಾಗೆ. ಮಧ್ಯದಲ್ಲಿ ಕಾಂಗ್ರೆಸ್ ಅಂತ ಒಂದು ಸಭೆ. ಅದಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ! ರಾಜ್ಯಗಳಿಗೆ ಕಾಗದ ಬರೆದು ದುಡ್ಡು ಕಳಿಸಿ ಅಂತ ಕೇಳಬೇಕು, ಅವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಯುದ್ಧಕ್ಕೆ ಫ್ರಾನ್ಸ್‌ನಿಂದ, ಡಚ್ಚರಿಂದ ತಂದ ಸಾಲ ತಲೆ ಮೇಲಿತ್ತು. ಹೋರಾಡಿದ ಸೈನಿಕರಿಗೆ ಸಂಬಳ ಬಾಕಿ ಇತ್ತು. ಆಮದಿನ ಮೇಲೆ ನೂರಕ್ಕೆ ಐದರಷ್ಟು ಸುಂಕ ಹಾಕೋಣ ಅಂತ ಕಾಂಗ್ರೆಸ್ ಕೇಳಿದಾಗ ರೋಡ್ ಐಲೆಂಡ್ ಎಂಬ ಅತಿ ಚಿಕ್ಕ ರಾಜ್ಯ ಆಗಲ್ಲ ಅಂದಿತು. ನಿಯಮ ಬದಲಾಯಿಸಲು 13ಕ್ಕೆ 13 ರಾಜ್ಯವೂ ಒಪ್ಪಬೇಕಿತ್ತು, ಅಲ್ಲಿಗೆ ಕಥೆ ಮುಗಿಯಿತು.

ಅಷ್ಟರಲ್ಲಿ ಮ್ಯಾಸಚೂಸೆಟ್ಸ್‌ನ ಪಶ್ಚಿಮ ಭಾಗದಲ್ಲಿ ರೈತರು ದಂಗೆ ಎದ್ದರು. ಇದನ್ನು ಸ್ವಲ್ಪ ನಿಂತು ನೋಡಬೇಕು. ಇವರಲ್ಲಿ ತುಂಬಾ ಜನ ಸ್ವಾತಂತ್ರ್ಯದ ಯುದ್ಧದಲ್ಲಿ ಹೋರಾಡಿ ಬರಿಗೈಲಿ ಊರಿಗೆ ಬಂದವರು. ರಾಜ್ಯ ಸರ್ಕಾರ ತೆರಿಗೆ ಏರಿಸಿತು, ಅದನ್ನೂ ಬೆಳ್ಳಿ ನಾಣ್ಯದಲ್ಲೇ ಕಟ್ಟಿ ಅಂದಿತು. ಹಳ್ಳಿಯಲ್ಲಿ ನಾಣ್ಯ ಎಲ್ಲಿಂದ ತರೋದು? ಕೋರ್ಟಿಗೆ ಎಳೆದರು, ಜಮೀನು, ದನಕರು ಜಪ್ತಿ ಆದವು, ಸಾಲ ತೀರಿಸದವರು ಜೈಲಿಗೆ ಹೋದರು. 1786ರಲ್ಲಿ ಡೇನಿಯಲ್ ಶೇಸ್ ಎಂಬ ಮಾಜಿ ಸೇನಾ ಕ್ಯಾಪ್ಟನ್ ಮತ್ತಿತರರ ಹಿಂದೆ ಹೋಗಿ ಕೋರ್ಟಿನ ಬಾಗಿಲಿಗೇ ಅಡ್ಡ ನಿಂತರು. 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದ ಕಡೆ ನುಗ್ಗಿದರು. ಫಿರಂಗಿ ಹಾರಿತು, ನಾಲ್ಕು ಜನ ಸತ್ತರು. ದಂಗೆ ಅಡಗಿಸಲು ಕಾಂಗ್ರೆಸ್ ಹತ್ತಿರ ದುಡ್ಡಿಲ್ಲ, ಸೈನ್ಯ ಇಲ್ಲ. ಬಾಸ್ಟನ್‌ನ ವ್ಯಾಪಾರಿಗಳು ದುಡ್ಡು ಹಾಕಿ ಪಡೆ ಕಟ್ಟಬೇಕಾಯಿತು.

ವಾಷಿಂಗ್ಟನ್‌ರಂಥವರಿಗೆ ನಿದ್ದೆ ಹೋಗಿದ್ದು ಇದಕ್ಕೇ. ಅದೇ ಮೇ 25ಕ್ಕೆ ಫಿಲಡೆಲ್ಫಿಯಾದಲ್ಲಿ ಸಭೆ ಶುರುವಾಯಿತು. ಕಾಂಗ್ರೆಸ್ ಅವರಿಗೆ ಒಪ್ಪಿಸಿದ್ದು ಹಳೆಯ ನಿಯಮಗಳನ್ನು ತಿದ್ದುವ ಕೆಲಸ ಮಾತ್ರ. ಇವರು ಬಾಗಿಲಿಗೆ ಕಾವಲು ಹಾಕಿಸಿ, ಬೇಸಿಗೆಯ ಸೆಕೆಯಲ್ಲೂ ಕಿಟಕಿ ಮುಚ್ಚಿಕೊಂಡು, ಹಳೆಯದನ್ನು ಪೂರ್ತಿ ಬದಿಗಿಟ್ಟು ಹೊಸದನ್ನೇ ಬರೆದರು. ಒಳಗಿನ ಮಾತು ಹೊರಗೆ ಹೋಗಬಾರದು ಅಂತ ನಿಯಮ. ಒಳಗೆ ಏನಾಯಿತು ಅಂತ ನಮಗೆ ಗೊತ್ತಾಗಿರುವುದು ಮುಖ್ಯವಾಗಿ ಜೇಮ್ಸ್ ಮ್ಯಾಡಿಸನ್ ದಿನಾ ಕೂತು ಬರೆದಿಟ್ಟ ಟಿಪ್ಪಣಿಗಳಿಂದ. ಅವು ಅಚ್ಚಾಗಿದ್ದು 1840ರಲ್ಲಿ, ಆತ ತೀರಿಕೊಂಡು ನಾಲ್ಕು ವರ್ಷದ ಮೇಲೆ.

ನನ್ನ ಅನಿಸಿಕೆ ಹೇಳುತ್ತೇನೆ. ಅವರಿಗೆ ಎರಡು ಭಯ ಇತ್ತು. ರಾಜನ ಭಯ ಒಂದು, ಯಾರೂ ಆಳದೆ ದೇಶ ಚೆಲ್ಲಾಪಿಲ್ಲಿ ಆಗುವ ಭಯ ಇನ್ನೊಂದು. ಇಡೀ ಸಂವಿಧಾನ ಈ ಎರಡು ಭಯದ ನಡುವೆ ಹುಟ್ಟಿದ್ದು. ಕೇಂದ್ರಕ್ಕೆ ತೆರಿಗೆ, ಸೈನ್ಯ, ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರದ ಅಧಿಕಾರ ಕೊಟ್ಟರು. ಕೊಟ್ಟ ಮೇಲೆ ಆ ಅಧಿಕಾರವನ್ನು ಮೂರು ಪಾಲು ಮಾಡಿ ಒಬ್ಬರ ಜುಟ್ಟು ಇನ್ನೊಬ್ಬರ ಕೈಯಲ್ಲಿಟ್ಟರು. ಕಾಂಗ್ರೆಸ್ ಕಾನೂನು ಮಾಡಿದರೆ ಅಧ್ಯಕ್ಷ ತಡೆಯಬಹುದು, ಎರಡೂ ಸಭೆಯಲ್ಲಿ ಮೂರನೇ ಎರಡು ಭಾಗ ಸೇರಿದರೆ ಆ ತಡೆ ಬಿದ್ದುಹೋಗುತ್ತದೆ. ಅಧ್ಯಕ್ಷ ನ್ಯಾಯಾಧೀಶರನ್ನು ಹೆಸರಿಸುತ್ತಾನೆ, ಸೆನೆಟ್ ಒಪ್ಪಬೇಕು. ನಮ್ಮಲ್ಲಿ ಮಂತ್ರಿ ಆದವನು ಆರು ತಿಂಗಳೊಳಗೆ ಸದನದ ಸದಸ್ಯನಾಗಲೇಬೇಕು, ಅಲ್ಲಿ ತದ್ವಿರುದ್ಧ: ಕಾಂಗ್ರೆಸ್ ಸದಸ್ಯ ಮಂತ್ರಿಯಂಥ ಹುದ್ದೆಗೆ ಹೋದರೆ ಸೀಟು ಬಿಡಬೇಕು. ಮನುಷ್ಯನ ಒಳ್ಳೆಯತನವನ್ನು ನಂಬಿ ಬರೆದ ಕಾಗದ ಅಲ್ಲ ಇದು. ನಂಬದೆ ಬರೆದದ್ದಕ್ಕೇ ಇಷ್ಟು ದಿನ ಬಾಳಿದೆ ಅಂತ ನನಗೆ ಅನಿಸುತ್ತದೆ.

ಫಿಲಡೆಲ್ಫಿಯಾ ಪಕ್ಕದವನು ಬರೆದದ್ದು:

ಎರಡನೇ ಪ್ರಶ್ನೆಗೆ ನಾನು. ಎರಡು ಸೆನೆಟರ್ ಲೆಕ್ಕ ಯಾವ ತತ್ವದಿಂದಲೂ ಬಂದಿದ್ದಲ್ಲ, ಶುದ್ಧ ಚೌಕಾಸಿ. ವರ್ಜೀನಿಯಾದವರು ಜನಸಂಖ್ಯೆ ನೋಡಿ ಸೀಟು ಕೊಡಿ ಅಂದರು, ಅವರದು ದೊಡ್ಡ ರಾಜ್ಯ. ಆಗ ಚಿಕ್ಕ ರಾಜ್ಯಗಳ ಪರವಾಗಿ ಎದ್ದು ನಿಂತು, ಎಲ್ಲ ರಾಜ್ಯಕ್ಕೂ ಒಂದೇ ಸಮ ಇರಲಿ ಅಂತ ಬೇರೆ ಯೋಜನೆ ಮುಂದಿಟ್ಟವರು ಯಾರು ಗೊತ್ತಾ? ನಿಮ್ಮ ನ್ಯೂಜೆರ್ಸಿಯವರೇ, ವಿಲಿಯಂ ಪ್ಯಾಟರ್ಸನ್. ಈ ಜಗಳ ವಾರಗಟ್ಟಲೆ ನಡೆಯಿತು. ಹೀಗೇ ಮಾಡಿದರೆ ನಾವು ಹೊರದೇಶದವರ ಕೈ ಹಿಡಿಯುತ್ತೇವೆ ಅಂತ ಡೆಲವೇರ್‌ನ ಪ್ರತಿನಿಧಿಯೊಬ್ಬರು ಸಭೆಯಲ್ಲೇ ಹೆದರಿಸಿದರು. ಕೊನೆಗೆ ಕನೆಕ್ಟಿಕಟ್‌ನ ರೋಜರ್ ಶರ್ಮನ್ ಮೊದಲಾದವರು ಹೇಳಿದ ದಾರಿ ಹಿಡಿದರು. ಕೆಳಮನೆಯಲ್ಲಿ ಜನಸಂಖ್ಯೆ, ಮೇಲ್ಮನೆಯಲ್ಲಿ ಸಮಪಾಲು. ಜುಲೈ 16ರಂದು ಮತ ಹಾಕಿದಾಗ ಐದು ರಾಜ್ಯ ಪರ, ನಾಲ್ಕು ವಿರುದ್ಧ. ಮ್ಯಾಸಚೂಸೆಟ್ಸ್ ತನ್ನಲ್ಲೇ ಎರಡಾಗಿ ಒಡೆದಿತ್ತು. ನ್ಯೂಯಾರ್ಕಿನ ಪ್ರತಿನಿಧಿಗಳು ಅಷ್ಟರಲ್ಲಿ ಎದ್ದು ಹೋಗಿದ್ದರು. ಒಂದೇ ಒಂದು ರಾಜ್ಯದ ಅಂತರದಲ್ಲಿ ಗೆದ್ದದ್ದು ಇವತ್ತಿಗೂ ಹಾಗೇ ಇದೆ. ಮುಂದೆ ಯಾರೂ ಕೈ ಹಾಕದಿರಲಿ ಅಂತ, ಆ ರಾಜ್ಯ ತಾನಾಗಿ ಒಪ್ಪದೆ ಅದರ ಸಮಪಾಲನ್ನು ತಿದ್ದುಪಡಿ ಮಾಡಿಯೂ ಕಿತ್ತುಕೊಳ್ಳುವಂತಿಲ್ಲ ಎಂದು ಬೀಗ ಬೇರೆ ಹಾಕಿಟ್ಟರು. ನನಗಂತೂ ಇದು ಈಗಿನ ಕಾಲಕ್ಕೆ ಅನ್ಯಾಯ ಅಂತಲೇ ಅನಿಸುತ್ತದೆ, ಆದರೆ ಅವತ್ತು ಇದಿಲ್ಲದೆ ಒಂದಾಗುತ್ತಿರಲಿಲ್ಲ ಅನ್ನುವುದೂ ನಿಜ.

ಇನ್ನೊಂದು ವಿಷಯ ಹೇಳಲೇಬೇಕು. ವಾಷಿಂಗ್ಟನ್ ನಗರದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಮೂಲ ಪ್ರತಿ ಇದೆ, ನಾಲ್ಕು ದೊಡ್ಡ ತೊಗಲಿನ ಹಾಳೆ. ಮಂದ ಬೆಳಕಿನಲ್ಲಿ ಗಾಜಿನ ಮೇಲೆ ಬಗ್ಗಿ ನೋಡಬೇಕು. ಅದನ್ನು ಕೈಯಲ್ಲಿ ಬರೆದವರು ಜೇಕಬ್ ಶಾಲಸ್ ಎಂಬ ಗುಮಾಸ್ತ, ಕೂಲಿ 30 ಡಾಲರ್. ಕೊನೆಯ ಹಾಳೆಯಲ್ಲಿ ಸಹಿಗಳ ಪಕ್ಕ ಒಂದು ತಪ್ಪೊಪ್ಪು ಇದೆ: ಯಾವ ಸಾಲಿನ ನಡುವೆ ಯಾವ ಪದ ಸೇರಿಸಿದ್ದೇವೆ ಅಂತ. ಅದರಲ್ಲಿ ಒಂದು, ಮೊದಲ ಪುಟದ 15ನೇ ಸಾಲಿನಲ್ಲಿ 'ಮೂವತ್ತು' ಎಂಬ ಪದವನ್ನು ಕೆರೆದು ಅಳಿಸಿದ ಜಾಗದ ಮೇಲೆ ಬರೆದಿದೆ ಅನ್ನುವುದು. ಏನಾಗಿತ್ತು ಅಂದರೆ, 40 ಸಾವಿರ ಜನಕ್ಕೆ ಒಬ್ಬರಿಗಿಂತ ಹೆಚ್ಚು ಪ್ರತಿನಿಧಿ ಇರಬಾರದು ಅಂತ ಮೊದಲು ಬರೆದಿದ್ದರು. ಸೆಪ್ಟೆಂಬರ್ 17, ಕೊನೆಯ ದಿನ, ಹಾಳೆ ಸಹಿಗೆ ಸಿದ್ಧವಾಗಿದೆ. ಒಬ್ಬರು ಎದ್ದು ಅದನ್ನು 30 ಸಾವಿರ ಮಾಡಿ ಅಂದರು. ಇಡೀ ಬೇಸಿಗೆ ಅಧ್ಯಕ್ಷರ ಕುರ್ಚಿಯಲ್ಲಿ ಹೆಚ್ಚುಕಡಿಮೆ ಮೌನವಾಗಿ ಕೂತಿದ್ದ ವಾಷಿಂಗ್ಟನ್ ಆಗ ಎದ್ದು, ಇದನ್ನು ಒಪ್ಪಿಕೊಳ್ಳಿ, ಜನರಿಗೆ ಪ್ರತಿನಿಧಿಗಳು ಕಡಿಮೆ ಆಗಬಾರದು ಎಂದರು. ಯಾರೂ ಎದುರು ಹೇಳಲಿಲ್ಲ. ತೊಗಲನ್ನು ಕೆರೆದು ತಿದ್ದಿದರು. ಆ ಸಾಲನ್ನು ಹುಡುಕಿ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಕಲ್ಲಿನಲ್ಲಿ ಕೆತ್ತಿದ್ದು ಅಂತ ನಾವು ಅಂದುಕೊಂಡಿರುತ್ತೇವೆ, ಮನುಷ್ಯರು ಕೊನೇ ಗಳಿಗೆವರೆಗೂ ಚಾಕು ಹಿಡಿದು ತಿದ್ದಿದ ಕಾಗದ ಅದು.

ಹೆಸರಿಲ್ಲದ ಓದುಗ ಬರೆದದ್ದು:

ಮೇಷ್ಟ್ರ ಮೂರನೇ ಪ್ರಶ್ನೆಗೆ ಯಾರೂ ಬರುತ್ತಿಲ್ಲ, ಅದೇ ಮುಖ್ಯವಾದದ್ದು. ಒಂದು ಸಣ್ಣ ತಿದ್ದುಪಡಿ: ಎಲ್ಲರೂ ಸಮಾನರು ಅನ್ನುವ ಮಾತು ಇರುವುದು 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ. 1787ರ ಸಂವಿಧಾನದಲ್ಲಿ ಅದು ಇಲ್ಲ. ಆ ಎರಡು ಕಾಗದದ ನಡುವಿನ ವ್ಯತ್ಯಾಸದಲ್ಲೇ ಉತ್ತರ ಇದೆ.

ಗುಲಾಮ ಎಂಬ ಪದವೇ ಮೂಲ ಸಂವಿಧಾನದಲ್ಲಿ ಇಲ್ಲ. 'ಇತರ ವ್ಯಕ್ತಿಗಳು' ಅಂತ ಬರೆದರು. ಹೆಸರು ಹೇಳಲು ನಾಚಿಕೆ ಪಟ್ಟರು, ಇಟ್ಟುಕೊಳ್ಳಲು ಪಡಲಿಲ್ಲ. ಸೀಟು ಲೆಕ್ಕ ಹಾಕುವಾಗ ಐದು ಗುಲಾಮರನ್ನು ಮೂರು ಜನ ಅಂತ ಎಣಿಸಿದರು. ತುಂಬಾ ಜನ ಇದನ್ನು ಗುಲಾಮನಿಗೆ ಐದರಲ್ಲಿ ಮೂರು ಪಾಲು ಬೆಲೆ ಕೊಟ್ಟರು ಅಂತ ಓದುತ್ತಾರೆ. ಅವನಿಗೆ ಸಿಕ್ಕಿದ್ದು ಸೊನ್ನೆ. ಅವನ ತಲೆ ಎಣಿಸಿ ಸಿಕ್ಕ ಹೆಚ್ಚುವರಿ ಸೀಟು, ಹೆಚ್ಚುವರಿ ಅಧ್ಯಕ್ಷೀಯ ಮತ, ಎರಡೂ ಹೋದದ್ದು ಅವನ ಯಜಮಾನರ ರಾಜ್ಯಕ್ಕೆ. 1790ರ ಮೊದಲ ಜನಗಣತಿಯಲ್ಲಿ ಸುಮಾರು 39 ಲಕ್ಷ ಜನರಲ್ಲಿ 7 ಲಕ್ಷದ ಹತ್ತಿರ ಗುಲಾಮರೇ ಇದ್ದರು, ಅಂದರೆ ಇದು ಸಣ್ಣ ಲೆಕ್ಕ ಅಲ್ಲ. ಜೊತೆಗೆ 1808ರವರೆಗೆ ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು ಕಾಂಗ್ರೆಸ್ ನಿಲ್ಲಿಸುವಂತಿಲ್ಲ ಅಂತ ಒಂದು ವಾಕ್ಯ, ಓಡಿಹೋದವರನ್ನು ಹಿಡಿದು ಒಪ್ಪಿಸಬೇಕು ಅಂತ ಇನ್ನೊಂದು. ದಕ್ಷಿಣ ಕೆರೊಲಿನಾ, ಜಾರ್ಜಿಯಾದವರು ಇದಿಲ್ಲದೆ ನಾವು ಸೇರಲ್ಲ ಅಂತ ಪಟ್ಟು ಹಿಡಿದರು, ಉಳಿದವರು ಕೊಟ್ಟುಬಿಟ್ಟರು. ಎರಡು ಸೆನೆಟರ್ ಚೌಕಾಸಿಯಲ್ಲಿ ಕೊಟ್ಟದ್ದು ಸೀಟು. ಇಲ್ಲಿ ಕೊಟ್ಟದ್ದು ಆ ಕೋಣೆಯಲ್ಲಿ ಇಲ್ಲದವರ ಬದುಕು.

ಅದರ ಬೆಲೆ ತೆತ್ತದ್ದು ಮುಂದಿನ ತಲೆಮಾರುಗಳು. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮ ಬಿಡುಗಡೆ ಕೇಳಿದಾಗ, ಕಪ್ಪು ಜನ ಈ ದೇಶದ ಪ್ರಜೆಗಳಾಗಲಾರರು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಅಂತರ್ಯುದ್ಧ, ಲಕ್ಷಾಂತರ ಸಾವು. 1865ರ 13ನೇ ತಿದ್ದುಪಡಿಯಲ್ಲಿ ಗುಲಾಮಗಿರಿ ಎಂಬ ಪದ ಸಂವಿಧಾನದೊಳಗೆ ಮೊದಲ ಸಲ ಬಂದದ್ದು, ಅದನ್ನು ನಿಷೇಧಿಸಲು. 1868ರ 14ನೆಯದು ಇಲ್ಲಿ ಹುಟ್ಟಿದವರನ್ನು ಪ್ರಜೆಗಳು ಎಂದಿತು, ಕಾನೂನಿನ ಎದುರು ಸಮಾನ ರಕ್ಷಣೆ ಎಂದಿತು. ಸಮಾನತೆ ಸಂವಿಧಾನಕ್ಕೆ ಬಂದದ್ದು ಆಗ, 81 ವರ್ಷ ತಡವಾಗಿ.

ಮೇಡಂ, ನಿಮ್ಮ ಸಂದರ್ಶನಕ್ಕೂ ಇದಕ್ಕೂ ಸಂಬಂಧ ಇದೆ. 1790ರಲ್ಲಿ ಮೊದಲ ಕಾಂಗ್ರೆಸ್ ಮಾಡಿದ ಕಾನೂನಿನ ಪ್ರಕಾರ ಹೊರಗಿಂದ ಬಂದವರಲ್ಲಿ 'ಸ್ವತಂತ್ರ ಬಿಳಿಯರು' ಮಾತ್ರ ಪ್ರಜೆಗಳಾಗಬಹುದಿತ್ತು. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲೇ ಇದ್ದವರು. 1923ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ನೀವು ಬಿಳಿಯರಲ್ಲ, ಪ್ರಜೆ ಆಗಲಾರಿರಿ ಎಂದಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. 'ವಿ ದ ಪೀಪಲ್' ಕಾರ್ಡು ಕೈಗೆತ್ತಿಕೊಂಡಾಗ ಅದನ್ನೂ ನೆನಪಿಸಿಕೊಳ್ಳಿ.

ನ್ಯೂಜೆರ್ಸಿ ಕನ್ನಡತಿ ಬರೆದದ್ದು:

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಥಿಂಡ್ ಅವರ ವಿಷಯಕ್ಕೆ ಬಂದಾಗ ಇನ್ನೊಂದು ಸಲ ಓದು ಅಂದರು. ಆಮೇಲೆ ತುಂಬಾ ಹೊತ್ತು ಸುಮ್ನೆ ಕೂತಿದ್ದರು. ನನಗೂ ಗಂಟಲು ಕಟ್ಟಿತು. ಇಷ್ಟು ದಿನ ಅರ್ಜಿ, ಫೀಸು, ಬೆರಳಚ್ಚು ಅಂತ ಓಡಾಡಿದ್ದೆನೇ ಹೊರತು ಈ ಬಾಗಿಲು ನಮ್ಮಂಥವರಿಗೆ ಮುಚ್ಚಿತ್ತು ಅಂತ ಯೋಚನೆ ಮಾಡಿರಲಿಲ್ಲ.

ಅಪ್ಪನದು ಇನ್ನೊಂದು ಪ್ರಶ್ನೆ. ಮಾತನಾಡುವ ಹಕ್ಕು, ಧರ್ಮದ ಹಕ್ಕು ಇವೆಲ್ಲ 'ತಿದ್ದುಪಡಿ' ಅಂತ ಯಾಕಿವೆ? ಅಷ್ಟು ದೊಡ್ಡ ವಿಷಯ ಮೊದಲೇ ಬರೆಯಲು ಮರೆತರಾ?

ಕರಿಕೋಟು ಬರೆದದ್ದು:

ಮರೆತಿರಲಿಲ್ಲ, ಬೇಡ ಅಂದರು. ಸಭೆ ಮುಗಿಯಲು ಐದು ದಿನ ಇರುವಾಗ ವರ್ಜೀನಿಯಾದ ಜಾರ್ಜ್ ಮೇಸನ್ ಹಕ್ಕುಗಳ ಪಟ್ಟಿಯೊಂದು ಇರಲಿ, ಕೆಲವೇ ಗಂಟೆಯಲ್ಲಿ ಬರೆಯಬಹುದು ಅಂದರು. ಒಂದೇ ಒಂದು ರಾಜ್ಯವೂ ಪರವಾಗಿ ಮತ ಹಾಕಲಿಲ್ಲ. ದಣಿದಿದ್ದರು, ಮನೆಗೆ ಹೋಗುವ ಆತುರ. ರಾಜ್ಯಗಳ ಸಂವಿಧಾನದಲ್ಲಿ ಹಕ್ಕುಗಳು ಇವೆಯಲ್ಲ ಅನ್ನುವ ವಾದವೂ ಇತ್ತು. ಮೇಸನ್ ಸಹಿ ಹಾಕಲಿಲ್ಲ. ಒಟ್ಟು 55 ಜನ ಬಂದು ಹೋದ ಸಭೆಯಲ್ಲಿ ಸಹಿ ಹಾಕಿದವರು 39.

ಆ ತಪ್ಪಿಗೆ ಜನ ಸರಿಯಾಗಿ ಹಿಡಿದುಕೊಂಡರು. ಸಂವಿಧಾನ ಜಾರಿಗೆ ಬರಲು ಒಂಬತ್ತು ರಾಜ್ಯಗಳ ಒಪ್ಪಿಗೆ ಬೇಕಿತ್ತು, ಅದೂ ಇದಕ್ಕೆಂದೇ ಜನ ಆರಿಸಿದ ಸಭೆಗಳಲ್ಲಿ. 'ವಿ ದ ಪೀಪಲ್' ಅರ್ಥ ಪಡೆದದ್ದು ಅಲ್ಲಿ. ಮೊದಲ ಕರಡಿನಲ್ಲಿ ಆ ಮೂರು ಪದದ ಮುಂದೆ ರಾಜ್ಯಗಳ ಹೆಸರಿನ ಸಾಲೇ ಇತ್ತು. ಯಾರು ಸೇರುತ್ತಾರೋ ಯಾರು ಬಿಡುತ್ತಾರೋ ಗೊತ್ತಿಲ್ಲದ್ದರಿಂದ ಹೆಸರುಗಳು ಹೋದವು, 'ಅಮೆರಿಕ ಸಂಯುಕ್ತ ಸಂಸ್ಥಾನದ ಜನರು' ಅಂತಾಯಿತು. ಜನರ ಹೆಸರಿನಲ್ಲಿ ಬರೆಯಲು ಇವರಿಗೆ ಹಕ್ಕು ಕೊಟ್ಟವರು ಯಾರು ಅಂತ ಪ್ಯಾಟ್ರಿಕ್ ಹೆನ್ರಿ ವರ್ಜೀನಿಯಾದಲ್ಲಿ ಗುಡುಗಿದರು. ಮ್ಯಾಸಚೂಸೆಟ್ಸ್‌ನಲ್ಲಿ ಪರ 187 ಮತ, ವಿರುದ್ಧ 168. ಹಾಗೆಯೇ ವರ್ಜೀನಿಯಾದಲ್ಲಿ 89ಕ್ಕೆ 79, ನ್ಯೂಯಾರ್ಕ್‌ನಲ್ಲಿ 30ಕ್ಕೆ 27. ಕೂದಲೆಳೆ ಅಂತರ. ತಿದ್ದುಪಡಿ ತರುತ್ತೇವೆ ಎಂಬ ಭರವಸೆ ಇರದಿದ್ದರೆ ಬಿದ್ದೇ ಹೋಗುತ್ತಿತ್ತು. ಕೊಟ್ಟ ಮಾತಿನಂತೆ ಮ್ಯಾಡಿಸನ್ 1789ರಲ್ಲಿ ಕಾಂಗ್ರೆಸ್‌ಗೆ ತಂದರು. 12 ತಿದ್ದುಪಡಿ ಕಳಿಸಿದರು, 10ಕ್ಕೆ 1791ರ ಡಿಸೆಂಬರ್ 15ರ ಹೊತ್ತಿಗೆ ಒಪ್ಪಿಗೆ ಸಿಕ್ಕಿತು. ಉಳಿದ ಎರಡರಲ್ಲಿ ಸಂಸದರ ಸಂಬಳದ ಬಗ್ಗೆ ಇದ್ದದ್ದು 1992ರಲ್ಲಿ ಪಾಸಾಗಿ 27ನೆಯದಾಯಿತು! ಅಲ್ಲಿ ತಿದ್ದುಪಡಿ ಅಷ್ಟು ಕಷ್ಟ. 50ರಲ್ಲಿ 38 ರಾಜ್ಯ ಒಪ್ಪಬೇಕು. ನಮ್ಮದು 1950ರಿಂದ 106 ತಿದ್ದುಪಡಿ ಕಂಡಿದೆ.

ಮೇಷ್ಟ್ರಿಗೆ ಇಷ್ಟವಾಗಬಹುದಾದ ಒಂದು ವಿಷಯ. ನಮ್ಮ ಸಂವಿಧಾನ ಸಭೆಯ ಸಲಹೆಗಾರರು ಬೆನಗಲ್ ನರಸಿಂಗ ರಾವ್, ಮಂಗಳೂರಿನಲ್ಲಿ ಹುಟ್ಟಿದವರು. 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಅಮೆರಿಕದ ಸಂವಿಧಾನದಲ್ಲಿ 'ಡ್ಯೂ ಪ್ರೋಸೆಸ್', ಅಂದರೆ ನ್ಯಾಯವಾದ ಕ್ರಮ, ಅಂತ ಎರಡು ಪದ ಇವೆ. ಅದನ್ನು ಹಿಡಿದುಕೊಂಡೇ ಅಲ್ಲಿನ ಕೋರ್ಟು 1905ರಲ್ಲಿ, ಬೇಕರಿ ಕೆಲಸಗಾರರನ್ನು ವಾರಕ್ಕೆ 60 ಗಂಟೆಗಿಂತ ಜಾಸ್ತಿ ದುಡಿಸಬಾರದು ಎಂಬ ನ್ಯೂಯಾರ್ಕ್ ಕಾನೂನನ್ನು ಹೊಡೆದುಹಾಕಿತ್ತು. ಆರಿಸಿ ಬಂದವರ ಕಾನೂನನ್ನು ಬೆರಳೆಣಿಕೆಯ ಜಡ್ಜುಗಳು ತಡೆಯುವಂತಾಗುತ್ತದೆ, ಆ ಪದ ಬೇಡ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯ. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ನಮ್ಮ 21ನೇ ವಿಧಿಯಲ್ಲಿ 'ಕಾನೂನು ಗೊತ್ತುಪಡಿಸಿದ ಕ್ರಮ' ಅಂತ ಬಂದದ್ದರ ಹಿಂದೆ ಆ ಭೇಟಿ ಇದೆ. ಅದು ಸರಿ ಹೋಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತುರ್ತುಪರಿಸ್ಥಿತಿಯಲ್ಲಿ ಬಂಧಿತರಿಗೆ ಕೋರ್ಟಿನ ಆಸರೆ ಸಿಗಲಿಲ್ಲ. 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ ಆ ಕ್ರಮ ನ್ಯಾಯವಾಗಿಯೂ ಇರಬೇಕು ಅಂತ ನಮ್ಮ ಸುಪ್ರೀಂ ಕೋರ್ಟ್ ಹೇಳಿ, ಬಿಟ್ಟು ಬಂದ ಪದವನ್ನು ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡಿತು.

ನ್ಯೂಜೆರ್ಸಿ ಕನ್ನಡತಿ ಬರೆದದ್ದು:

ಅಪ್ಪ ಈಗ ಕಾರ್ಡುಗಳ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದಾರೆ. 'ವಿ ದ ಪೀಪಲ್' ಕಾರ್ಡಿನ ಹಿಂದೆ 1787, 1868, 1946 ಅಂತ ಮೂರು ಇಸವಿ. ಪರೀಕ್ಷೆಗೆ ಕೇಳಲ್ಲಪ್ಪ ಅಂದರೆ, ನಾನು ಕೇಳುತ್ತೇನೆ ಅನ್ನುತ್ತಾರೆ. ಎಲ್ಲರಿಗೂ ತುಂಬಾ ಧನ್ಯವಾದ. ಶನಿವಾರ ಫಿಲಡೆಲ್ಫಿಯಾಕ್ಕೆ ಹೋಗೋಣ ಅಂತಿದ್ದಾರೆ. ಆ ಸಭೆ ನಡೆದ ಕೋಣೆ ನೋಡಬಹುದಾ?

ಫಿಲಡೆಲ್ಫಿಯಾ ಪಕ್ಕದವನು ಬರೆದದ್ದು:

ಖಂಡಿತ ನೋಡಬಹುದು. ಟಿಕೆಟಿನಲ್ಲಿ ಸಮಯ ಗೊತ್ತು ಮಾಡಿರುತ್ತಾರೆ, ಮೊದಲೇ ತೆಗೆದುಕೊಳ್ಳಿ. ಒಳಗೆ ಹೋದಾಗ ಎದುರಿನ ಎತ್ತರದ ಕುರ್ಚಿ ನೋಡಿ, ವಾಷಿಂಗ್ಟನ್ ಕೂತಿದ್ದ ಅದೇ ಕುರ್ಚಿ. ಅದರ ಬೆನ್ನಿನ ಮೇಲ್ಭಾಗದಲ್ಲಿ ಅರ್ಧ ಸೂರ್ಯನನ್ನು ಕೆತ್ತಿದ್ದಾರೆ. ಸಹಿ ಹಾಕುವ ಹೊತ್ತಿನಲ್ಲಿ 81 ವರ್ಷದ ಫ್ರಾಂಕ್ಲಿನ್ ಅದನ್ನು ತೋರಿಸಿ, ಇಷ್ಟು ದಿನ ಅದು ಹುಟ್ಟುವ ಸೂರ್ಯನೋ ಮುಳುಗುವ ಸೂರ್ಯನೋ ಗೊತ್ತಾಗುತ್ತಿರಲಿಲ್ಲ, ಈಗ ಗೊತ್ತಾಯಿತು, ಹುಟ್ಟುವ ಸೂರ್ಯನೇ ಎಂದಿದ್ದರು. ನೋಡಿ ಬಂದ ಮೇಲೆ ಮೇಷ್ಟ್ರಿಗೆ ಹೇಗೆ ಕಂಡಿತು ಅಂತ ಇಲ್ಲಿ ಬರೆಯಿರಿ.